ಪಂಚಮಿ ಹಾಡು, ತವರಿನ ದಾರಿ

ನಾಗರ ಪಂಚಮಿ ಬಂತು ಅಂದ್ರ ಬಾಗಲಕೋಟೆ, ಹುನಗುಂದ ಸೀಮಿಯೊಳಗ ಜೋಕಾಲಿ ಕಟ್ಟತಾರ. ಜೋಕಾಲಿ ಜೊತಿಗೆ ಹಾಡೂ ಜೀಕತೈತಿ.

ಗಂಡನ ಮನಿಯೊಳಗ ನಿಂತು, ಕರಕೊಂಡು ಹೋಗಾಕ ಬರೋ ಅಣ್ಣನ ದಾರಿ ನೋಡೋ ತಂಗಿಯ ಹಾಡದು.

ಕಟ್ಟಿದವರು ಯಾರು? ಹೆಸರಿಲ್ಲ. ಬೀಸುಕಲ್ಲಿನ ಮುಂದ, ಜೋಕಾಲಿ ಮ್ಯಾಲ, ತಾಯಿ ಬಾಯಿಂದ ಮಗಳ ಬಾಯಿಗೆ ಬಂದ ಸೊತ್ತು.

ಗರತಿಯರು ಬಾಳ ಹಾಡಿದ್ದು ತ್ರಿಪದಿಯೊಳಗ. ಆ ಮೂರು ಸಾಲಿನ ಹಳೇ ಗುರುತು ನಮ್ಮ ಬಾದಾಮಿ ಬಂಡಿ ಮ್ಯಾಲೈತಿ: ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ.

ಈಗ ಅಣ್ಣನ ಫೋನ್ ಬರತೈತಿ, ಊರಿಗೆ ಬಸ್ಸೂ ಐತಿ. ಆದ್ರೂ ಇಳಕಲ್ಲ ಸೀರಿ ಉಟ್ಟು ಶೇಂಗಾ ಉಂಡಿ ಕಟ್ಟುವಾಗ, ತವರು ನೆನಪಾದ ಹೆಣ್ಣುಮಗಳ ಬಾಯಿಗೆ ಬರೋದು ಇದೇ ಹಾಡು.