15 ಕೆ.ಜಿ. ದೀಪಾವಳಿ

ಬೆಂಗಳೂರಿಗೆ ಬಂದು ಎರಡು ವರ್ಷವಾಗಿದ್ದರೂ ನಾನು ಒಂದು ದೀಪಾವಳಿಗೂ ಊರಿಗೆ ಹೋಗಿರಲಿಲ್ಲ. ರಜೆ ಇರಲಿಲ್ಲ ಅಂತಲ್ಲ, ಕೆಲಸವೇ ಇರಲಿಲ್ಲ. ಹಬ್ಬದ ದಿನ ಕಟ್ಟೆಯ ಮೇಲೆ ಕುಳಿತವರು ಕೇಳುವ ‘ನೌಕರಿ ಸಿಕ್ತೇನೋ ತಮ್ಮಾ?’ ಎಂಬ ಪ್ರಶ್ನೆಗೆ ಹೆದರಿ ಪಿ.ಜಿ.ಯ ಕೋಣೆಯಲ್ಲೇ ಹಬ್ಬ ಕಳೆಯುತ್ತಿದ್ದೆ.

2022ರಲ್ಲಿ ಕೊನೆಗೂ ಕೆಲಸ ಸಿಕ್ಕಿತು. ಈ ಸಲ ಹೋಗಲೇಬೇಕು. ಆದರೆ ಶನಿವಾರ ರಾತ್ರಿಯವರೆಗೂ ಶಿಫ್ಟ್, ಸೋಮವಾರ ಹಬ್ಬ. ಕಲಬುರಗಿ ರೈಲುಗಳಲ್ಲಿ ವೇಟಿಂಗ್ ಲಿಸ್ಟ್ ಮೂರಂಕಿ ದಾಟಿತ್ತು. ಖಾಸಗಿ ಬಸ್ಸಿನ ದರ ಕೇಳಿದರೆ ಸ್ಲೀಪರ್ ಅಲ್ಲ, ಬಸ್ಸನ್ನೇ ಕೊಡುತ್ತಾರೇನೋ ಅನ್ನಿಸಬೇಕು. ಸುಮ್ಮನೆ ವಿಮಾನದ ದರ ನೋಡಿದೆ: 3,900 ರೂಪಾಯಿ. ಬಸ್ಸಿಗಿಂತ ಸಾವಿರವಷ್ಟೇ ಹೆಚ್ಚು. (ಉಡಾನ್ ಯೋಜನೆಯಲ್ಲಿ ಒಂದು ಗಂಟೆಯ ಪ್ರಯಾಣಕ್ಕೆ 2,500 ಎಂದು ಎಲ್ಲರೂ ಕೇಳಿರುತ್ತೀರಿ. ಆದರೆ ಆ ಮಿತಿ ಇರುವುದು ಸುಮಾರು ಅರ್ಧ ಸೀಟುಗಳಿಗೆ ಮಾತ್ರ. ಹಬ್ಬಕ್ಕೆ ವಾರವಿರುವಾಗ ಹುಡುಕುವ ನನ್ನಂಥವರಿಗೆ ಉಳಿಯುವುದು ಇನ್ನರ್ಧ.) ಮೊದಲ ಸಂಬಳದ ಸೊಕ್ಕು ಇತ್ತು ನೋಡಿ, ಟಿಕೆಟ್ ಮಾಡಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ವಾಯುವಜ್ರ ಬಸ್ ಹಿಡಿದು ದೇವನಹಳ್ಳಿಗೆ ಹೋದೆ. 15 ಕೆ.ಜಿ.ಗಿಂತ ಹೆಚ್ಚಿನ ಲಗೇಜಿಗೆ ದುಡ್ಡು ಕಟ್ಟಬೇಕೆಂದು ಅಪ್ಪನಿಗೆ ಕೊಂಡಿದ್ದ ಶೂ ಕಾಲಿಗೇ ಹಾಕಿಕೊಂಡಿದ್ದೆ. ಅಷ್ಟು ಸರ್ಕಸ್ ಮಾಡಿ ಒಳಗೆ ಹೋದರೆ ವಿಮಾನವೇ ಇಲ್ಲ! ಇಂಥ ಸಣ್ಣ ಕಂಪನಿಗಳ ಬಳಿ ಇರುವುದು ಕೆಲವೇ ವಿಮಾನಗಳು. ಒಂದೇ ವಿಮಾನ ಬೆಳಗಿನಿಂದ ಊರೂರು ಸುತ್ತುತ್ತದೆ. ಮುಂಜಾನೆ ಎಲ್ಲೋ ಅರ್ಧ ಗಂಟೆ ತಡವಾದರೆ, ಅದು ಬೆಳೆಯುತ್ತಾ ಮಧ್ಯಾಹ್ನಕ್ಕೆ ಮೂರು ಗಂಟೆಯಾಗಿರುತ್ತದೆ. ಕೌಂಟರಿನಲ್ಲಿದ್ದ ಹುಡುಗಿಗೂ ಹೆಚ್ಚೇನೂ ತಿಳಿಸಿರಲಿಲ್ಲ. ಎಲ್ಲರ ಬೈಗುಳವನ್ನೂ ನಗುತ್ತಲೇ ಕೇಳಿಸಿಕೊಂಡಳು. ಅವಳೂ ನನ್ನ ವಯಸ್ಸಿನವಳೇ, ಅವಳಿಗೂ ಹಬ್ಬವಿತ್ತು.

ಕೊನೆಗೆ ಬಂದದ್ದು ರೆಕ್ಕೆಗಳಲ್ಲಿ ಫ್ಯಾನ್ ಇರುವ ಎ.ಟಿ.ಆರ್. ವಿಮಾನ. ಎಪ್ಪತ್ತರಷ್ಟು ಸೀಟು, ಹತ್ತುವುದು ಹಿಂಬದಿಯ ಬಾಗಿಲಿಂದ. ತೂಕ ಸರಿದೂಗಿಸಲು ಮುಂದಿದ್ದ ಇಬ್ಬರನ್ನು ಗಗನಸಖಿ ಹಿಂದಿನ ಸೀಟಿಗೆ ಕಳಿಸಿದಾಗ ಪಕ್ಕದ ಕಾಕಾ ಕಿವಿಯಲ್ಲಿ ಹೇಳಿದರು: ‘ನಮ್ಮ ಟಂಟಂನಾಗೂ ಹಿಂಗೇ ಕೂಡಸ್ತಾರಲ್ಲೋ!’

ರೆಕ್ಕೆ ತಲೆಯ ಮೇಲಿರುವುದರಿಂದ ಯಾವ ಕಿಟಕಿಯಲ್ಲಿ ಕುಳಿತರೂ ನೆಲ ಕಾಣುತ್ತದೆ. ದೊಡ್ಡ ವಿಮಾನಗಳಷ್ಟು ಎತ್ತರಕ್ಕೂ ಇದು ಹೋಗುವುದಿಲ್ಲ. ತುಂಗಭದ್ರೆ, ಆಮೇಲೆ ಕೃಷ್ಣೆ, ಕೊನೆಗೆ ಭೀಮೆ. ರೈಲಿನಲ್ಲಿ ನಿದ್ದೆಯಲ್ಲೇ ದಾಟುತ್ತಿದ್ದ ಹೊಳೆಗಳನ್ನು ಒಂದೇ ಗಂಟೆಯಲ್ಲಿ ಎಣಿಸಿದೆ. ಭೀಮೆ ದಾಟಿದ ಮೇಲೆ ಕಪ್ಪು ಹೊಲಗಳು, ನಡುವೆ ಶಹಾಬಾದ್ ಕಲ್ಲಿನ ಗಣಿಗುಂಡಿಗಳು. ಹೊಲಗಳಲ್ಲಿ ಅಲ್ಲಲ್ಲಿ ಏನೋ ಹೊಳೆಯುತ್ತಿತ್ತು. ಅದೇನೆಂದು ಆಗ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ನಾನು ಶಾಲೆಗೆ ಹೋಗುವಾಗಿಂದ ಕಟ್ಟುತ್ತಲೇ ಇದ್ದ ನಮ್ಮ ವಿಮಾನ ನಿಲ್ದಾಣದಿಂದ ವಿಮಾನ ಹಾರಿದ್ದು 2019ರ ನವೆಂಬರ್ 22ಕ್ಕೆ. ಶ್ರೀನಿವಾಸ ಸರಡಗಿಯ ಆ ನಿಲ್ದಾಣದ ಎದುರಿನ ಸೇಡಂ ರಸ್ತೆಯಲ್ಲಿ ಅಪ್ಪ ಎಷ್ಟೋ ಸಲ ಹಾದುಹೋಗಿದ್ದಾನೆ, ಗೇಟಿನತ್ತ ಹೋದವನಲ್ಲ. ಅಂದು ಗೇಟಿನ ಹೊರಗೆ ಬೈಕಿನ ಮೇಲೆ ಟವೆಲ್ ಸುತ್ತಿಕೊಂಡು ಕುಳಿತಿದ್ದ. ತಡವಾಗುತ್ತದೆ ಎಂದು ಫೋನ್ ಮಾಡಿದಾಗ ಆಗಲೇ ಮನೆ ಬಿಟ್ಟಾಗಿತ್ತಂತೆ. ಬೆಳಗಿನ ರೊಟ್ಟಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

‘ಟಿಕೀಟ ಎಷ್ಟಾಯ್ತೋ?’

‘ಬಸ್ಸಿನಷ್ಟೇ ಅದ ಅಪ್ಪಾ.’

ಅವನು ತಲೆಯಾಡಿಸಿದ. ಬೈಕ್ ಸ್ವಲ್ಪ ದೂರ ಹೋದ ಮೇಲೆ ಕೇಳಿದ: ‘ಮ್ಯಾಲಿಂದ ನಮ್ಮ ಹೊಲ ಕಾಣ್ತೇನು?’

ಎಲ್ಲ ಹೊಲಗಳೂ ಒಂದೇ ಥರ ಕಂಡಿದ್ದವು. ಆದರೂ ‘ಹ್ಞೂಂ, ಕಾಣ್ತು’ ಅಂದೆ.

‘ನೀರ ನಿಂತದ್ದು?’

ನಾನು ಮಾತಾಡಲಿಲ್ಲ. ಮಳೆ ಹೆಚ್ಚಾಗಿ ಆ ವರ್ಷ ನಮ್ಮ ನಾಲ್ಕು ಎಕರೆ ತೊಗರಿಯಲ್ಲಿ ಮೂರು ಎಕರೆ ಕೊಳೆತು ಹೋಗಿತ್ತು. ಪ್ರತಿದಿನ ಫೋನಿನಲ್ಲಿ ಮಾತಾಡುತ್ತಿದ್ದರೂ ಅಪ್ಪ ಒಂದು ಮಾತು ಹೇಳಿರಲಿಲ್ಲ. ಹೊಸ ಕೆಲಸ, ಹುಡುಗನ ತಲೆ ಕೆಡುವುದು ಬೇಡ ಎಂದು ಅವ್ವನಿಗೂ ತಾಕೀತು ಮಾಡಿದ್ದ. ಟಿಕೆಟಿನ ನಿಜವಾದ ದರ ಅವನಿಗೆ ಗೊತ್ತಿತ್ತು ಎಂದು ಮರುದಿನ ತಿಳಿಯಿತು. ಪಕ್ಕದ ಮನೆಯ ಹುಡುಗನ ಮೊಬೈಲಿನಲ್ಲಿ ನೋಡಿಸಿದ್ದನಂತೆ. ಶೂ ಮಾತ್ರ ಹಬ್ಬದ ಮೂರೂ ದಿನ ಹಾಕಿಕೊಂಡ. ಕಟ್ಟೆಯ ಮೇಲೆ ಆ ಸಲ ಯಾರೂ ನೌಕರಿಯ ಮಾತೆತ್ತಲಿಲ್ಲ. ‘ವಿಮಾನದಾಗ ಬಂದಾನ’ ಎಂದು ಅಪ್ಪನೇ ಹೇಳಿ ಮುಗಿಸಿದ್ದ.

ಮರಳುವ ಟಿಕೆಟ್ ನಾನು ಮಾಡಿಸಿರಲಿಲ್ಲ. ಪಾಡ್ಯದ ದಿನ ಅವ್ವ ಉಳಿದ ಹಳೆ ತೊಗರಿಯ ಬೇಳೆ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆ ಎಲ್ಲ ಕಟ್ಟಿ ಚೀಲ ಎತ್ತಿ ನೋಡಿದಳು. ‘ವಿಮಾನದಾಗ ಇಷ್ಟು ಬಿಡ್ತಾರೇನು?’ ಇಪ್ಪತ್ತು ಕೆ.ಜಿ.ಗೇನೂ ಕಡಿಮೆ ಇರಲಿಲ್ಲ. ರೈಲಿಗೆ ಹೋಗ್ತೀನಿ, ಅಲ್ಲಿ ಯಾರೂ ತೂಗೋದಿಲ್ಲ ಅಂದೆ. ಅವಳು ಇನ್ನೊಂದು ಪೊಟ್ಟಣ ತುರುಕಿದಳು.

ಜನರಲ್ ಬೋಗಿಯ ಬಾಗಿಲ ಬಳಿ ಚೀಲದ ಪಕ್ಕದಲ್ಲೇ ಕುಳಿತೆ. ಯಾದಗಿರಿ ಬರುವಷ್ಟರಲ್ಲಿ ಎದುರಿಗಿದ್ದ ಹುಡುಗರು ‘ಏನ್ ವಾಸನಿ ಅಣ್ಣಾ ಅದು?’ ಎಂದು ಕೇಳಿದರು. ಶೇಂಗಾ ಹೋಳಿಗೆಯ ಡಬ್ಬಿ ರಾಯಚೂರಿಗೇ ಖಾಲಿಯಾಯಿತು.