ಫೋಬೋಸ್: ಇಡಿಗಲ್ಲೋ, ಕಲ್ಲಿನ ರಾಶಿಯೋ?

ಕೃಷ್ಣಗಿರಿಯ ಕ್ವಾರಿಗಳಿಂದ ಲಾರಿಯೇರುವ ಗ್ರಾನೈಟ್ ಘನ ಮೀಟರಿಗೆ ಸುಮಾರು 2,700 ಕಿಲೋಗ್ರಾಂ ತೂಗುತ್ತದೆ. ಮಂಗಳನ ಎರಡು ಉಪಗ್ರಹಗಳಲ್ಲಿ ದೊಡ್ಡದಾದ ಫೋಬೋಸಿನಲ್ಲಿ ಅಷ್ಟೇ ಗಾತ್ರಕ್ಕಿರುವ ದ್ರವ್ಯ ಸರಾಸರಿ 1,870 ಕಿಲೋಗ್ರಾಂ ಮಾತ್ರ. ಈ ಅಂತರದಲ್ಲಿಯೇ ಅದರ ಒಡಲಿನ ಗುಟ್ಟು ಅಡಗಿದೆ.

ಫೋಬೋಸ್ ಮತ್ತು ಡೀಮೋಸ್‌ಗಳನ್ನು 1877ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಅಸಾಫ್ ಹಾಲ್ ಕಂಡುಹಿಡಿದರು. ಹೊಸೂರಿಗೆ ನೆರೆಯಾದ ಬೆಂಗಳೂರಿನಿಂದ ನಿಯಂತ್ರಿತವಾಗಿದ್ದ ಮಂಗಳಯಾನವು 2020ರ ಜುಲೈ 1ರಂದು ಸುಮಾರು 4,200 ಕಿ.ಮೀ. ದೂರದಿಂದ ಫೋಬೋಸಿನ ಚಿತ್ರ ತೆಗೆಯಿತು. ಸುಮಾರು 27 ಕಿ.ಮೀ. ಉದ್ದದ, ಆಲೂಗಡ್ಡೆಯಂತೆ ಸೊಟ್ಟಗಿರುವ ಕಪ್ಪು ಕಾಯವದು. ಅದರ ಮೈಮೇಲೆ ಸ್ಟಿಕ್ನಿ ಎಂಬ 9 ಕಿ.ಮೀ. ಅಗಲದ ಕುಳಿಯಿದೆ.

ಇಷ್ಟು ದೂರದ ಕಾಯವನ್ನು ತೂಗಿದ್ದು ಹೇಗೆ? ಯುರೋಪಿನ ಮಾರ್ಸ್ ಎಕ್ಸ್‌ಪ್ರೆಸ್ ನೌಕೆ ಅದರ ಸಮೀಪದಲ್ಲಿ ಹಾದುಹೋದಾಗ, ಫೋಬೋಸಿನ ಸೆಳೆತಕ್ಕೆ ನೌಕೆಯ ವೇಗ ಅತ್ಯಲ್ಪವಾಗಿ ಬದಲಾಯಿತು. ರೇಡಿಯೊ ಸಂಕೇತಗಳಲ್ಲಿ ಕಂಡ ಆ ಬದಲಾವಣೆಯಿಂದ ದ್ರವ್ಯರಾಶಿಯನ್ನು ಲೆಕ್ಕಹಾಕಲಾಯಿತು. ಅದರಂತೆ ಫೋಬೋಸಿನ ಒಳಗೆ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಪೊಳ್ಳಿರಬಹುದೆಂಬ ಅಂದಾಜಿದೆ. ಅಂದರೆ ಅದು ಇಡಿಗಲ್ಲಲ್ಲ. ಕ್ವಾರಿಯ ಬದಿಯಲ್ಲಿ ಸುರಿದ ಕಲ್ಲುಚೂರುಗಳ ಗುಡ್ಡೆಯಂತೆ, ನಡುನಡುವೆ ಸಂದುಗಳುಳ್ಳ ರಾಶಿ. ಒಳಗೆ ಹಿಮವೂ ಸೇರಿರಬಹುದೆಂಬ ವಾದ ಉಂಟು.

ಹುಟ್ಟಿನ ಬಗೆಗೂ ಎರಡು ಪಕ್ಷಗಳಿವೆ. ಬಣ್ಣ ಮತ್ತು ಆಕಾರಗಳನ್ನು ನೋಡಿದವರು, ಇದು ಮಂಗಳನ ಸೆಳೆತಕ್ಕೆ ಸಿಕ್ಕಿದ ಕ್ಷುದ್ರಗ್ರಹವೆನ್ನುತ್ತಾರೆ. ಆದರೆ ಹಾಗೆ ಸೆರೆಸಿಕ್ಕಿದ ಕಾಯದ ಪಥ ಉದ್ದವಾಗಿ, ಓರೆಯಾಗಿ ಇರಬೇಕಿತ್ತು; ಫೋಬೋಸಿನ ಪಥವೋ ಬಹುತೇಕ ವೃತ್ತಾಕಾರ, ಮಂಗಳನ ಸಮಭಾಜಕಕ್ಕೆ ಸರಿಸಮ. ಆದ್ದರಿಂದ, ಮಂಗಳನಿಗೆ ದೊಡ್ಡ ಕಾಯವೊಂದು ಅಪ್ಪಳಿಸಿದಾಗ ಚಿಮ್ಮಿದ ಚೂರುಗಳು ಒಗ್ಗೂಡಿ ಇದಾಯಿತೆಂಬುದು ಎದುರುಪಕ್ಷ. ಚಹರೆಯ ಸಾಕ್ಷ್ಯ ಒಂದು ಕಡೆ, ನಡೆಯ ಸಾಕ್ಷ್ಯ ಇನ್ನೊಂದು ಕಡೆ. ಅಲ್ಲಿನ ಮಣ್ಣನ್ನೇ ಭೂಮಿಗೆ ತಂದು ಪರೀಕ್ಷಿಸುವುದು ಜಪಾನಿನ ಎಂಎಂಎಕ್ಸ್ ಯೋಜನೆಯ ಉದ್ದೇಶ.

ಒಡಲಿನ ರಚನೆಯು ಹುಟ್ಟಿಗೆ ಮಾತ್ರವಲ್ಲ, ಅಂತ್ಯಕ್ಕೂ ಸಂಬಂಧಿಸಿದೆ. ಮಂಗಳನ ನೆಲದಿಂದ ಕೇವಲ 6,000 ಕಿ.ಮೀ. ಎತ್ತರದಲ್ಲಿ 7 ಗಂಟೆ 39 ನಿಮಿಷಕ್ಕೊಂದು ಸುತ್ತು ಹಾಕುವ ಫೋಬೋಸ್, ನೂರು ವರ್ಷಗಳಿಗೆ ಸುಮಾರು ಎರಡು ಮೀಟರಿನಂತೆ ಕೆಳಗಿಳಿಯುತ್ತಿದೆ. ಸುಮಾರು ಐದು ಕೋಟಿ ವರ್ಷಗಳೊಳಗೆ ಅದರ ಆಯುಷ್ಯ ತೀರುತ್ತದೆ. ಗಟ್ಟಿಯಾಗಿದ್ದರೆ ನೆಲಕ್ಕೆ ಬೀಳುವುದು. ಸಡಿಲ ರಾಶಿಯಾಗಿದ್ದರೆ ಮೊದಲೇ ಚದುರಿ ಮಂಗಳನಿಗೆ ಉಂಗುರವಾಗುವುದು. ಮುಸ್ಸಂಜೆಯಲ್ಲಿ ಬರಿಗಣ್ಣಿಗೆ ಕಾಣುವ ಆ ಕೆಂಪು ಚುಕ್ಕೆಗೂ ಶನಿಗಿರುವಂತೆ ಒಂದು ಉಂಗುರ ಮೂಡೀತೇ ಎಂಬುದನ್ನು ಈ ಪುಟ್ಟ ಕಾಯದ ಒಳಗಿನ ಪೊಳ್ಳೇ ತೀರ್ಮಾನಿಸಲಿದೆ.