ಕಲ್ಯಾಣದುರ್ಗದ ಪಡುವಣದಲ್ಲಿ ಇಳಿದ ಪುಷ್ಪಕ

ಕಳೆದ ಬೇಸಗೆ ರಜೆಯಲ್ಲಿ ನನ್ನ ಮಡದಿಯ ದೊಡ್ಡಮ್ಮನ ಮಗಳ ಮನೆಗೆಂದು ಆಂಧ್ರಪ್ರದೇಶದ ಕಲ್ಯಾಣದುರ್ಗಕ್ಕೆ ಹೋಗುವ ಸಂದರ್ಭ ಒದಗಿತು. ಮಂಗಳೂರಿನಿಂದ ರಾತ್ರಿ ಬಸ್ಸು, ಬೆಂಗಳೂರಿನಿಂದ ಗೌರಿಬಿದನೂರು ದಾಟಿ ಹಿಂದೂಪುರದ ತನಕ ರೈಲು, ಅಲ್ಲಿಂದ ಮುಂದಕ್ಕೆ ಮತ್ತೆ ಬಸ್ಸು. ಹಿಂದೂಪುರದ ನಿಲ್ದಾಣದಲ್ಲಿ ಚಹಾ ಕೊಟ್ಟಾತ ತೆಲುಗಿನಲ್ಲಿ ಹಣ ಎಣಿಸಿ, ನಾವು ನಮ್ಮೊಳಗೆ ಆಡಿದ ಮಾತು ಕೇಳಿ, ಚಿಲ್ಲರೆಯನ್ನು ಕನ್ನಡದಲ್ಲಿ ಕೊಟ್ಟ. ಮಡಕಶಿರ ದಾಟಿದ ಬಸ್ಸು ಕರ್ನಾಟಕದ ಪಾವಗಡಕ್ಕೆ ನುಗ್ಗಿ, ಅಲ್ಲಿಂದ ಪುನಃ ಆಂಧ್ರಕ್ಕೆ ಬಂತು. ನಕ್ಷೆಯಲ್ಲಿ ಗೆರೆ ಎಳೆದವರಿಗೆ ಅದು ಎರಡು ರಾಜ್ಯ. ಬಸ್ಸಿನಲ್ಲಿ ಕುಳಿತವರಿಗೆ ಒಂದೇ ಕೆಂಪು ಮಣ್ಣು, ಒಂದೇ ನೆಲಗಡಲೆ ಹೊಲ. ಗಡಿಯಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆ. ಮನೆಮಾತು ಕನ್ನಡ, ಶಾಲೆಯ ಪಾಠ ತೆಲುಗಿನಲ್ಲಿ. ನಾನು ಮೇಷ್ಟ್ರೆಂದು ತಿಳಿದ ಮೇಲೆ ಆಕೆ ಕೇಳಿದ ಪ್ರಶ್ನೆ ಇದು: "ಮಾವ, ಚಳ್ಳಕೆರೆ ಹತ್ತಿರ ರಾಕೆಟ್ ವಿಮಾನ ಇಳಿಸಿದರಂತಲ್ಲ, ಅದು ರಾಕೆಟ್ಟೋ ವಿಮಾನವೋ?" ಪಕ್ಕದಲ್ಲೇ ಕುಳಿತಿದ್ದ ಅಜ್ಜ ನಕ್ಕು, "ಅದು ಇಳಿದದ್ದು ನಾವು ಕುರಿ ಮೇಯಿಸುತ್ತಿದ್ದ ಕಡೆ" ಎಂದರು. ಒಂದು ಪ್ರಶ್ನೆ, ಒಂದು ಮಾತು. ಎರಡಕ್ಕೂ ಅಂದು ಸರಿಯಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಊರಿಗೆ ಮರಳಿದ ಮೇಲೆ ಓದಿ ತಿಳಿದುದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ಹುಡುಗಿಯ ಪ್ರಶ್ನೆ. ಸಾಮಾನ್ಯ ಜೆಟ್ ವಿಮಾನದ ಯಂತ್ರಕ್ಕೆ ಇಂಧನ ಉರಿಸಲು ಆಮ್ಲಜನಕ ಬೇಕು; ಅದನ್ನದು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ತೆಳುವಾಗುವಷ್ಟು ಮೇಲೆ ಹೋದರೆ ಯಂತ್ರ ನಿಲ್ಲುತ್ತದೆ. ರಾಕೆಟು ಹಾಗಲ್ಲ. ಉರಿಯುವುದಕ್ಕೂ ಉರಿಸುವುದಕ್ಕೂ ಬೇಕಾದುದನ್ನೆಲ್ಲ ತನ್ನ ಹೊಟ್ಟೆಯಲ್ಲಿಯೇ ಹೊತ್ತೊಯ್ಯುತ್ತದೆ. ಆದ್ದರಿಂದ ಗಾಳಿಯಿಲ್ಲದಲ್ಲಿಯೂ ಓಡುತ್ತದೆ. ಆದರೆ ಸಾಮಾನ್ಯ ರಾಕೆಟಿಗೆ ರೆಕ್ಕೆಯಿಲ್ಲ, ಮರಳಿ ಬಂದು ನೆಲಕ್ಕೆ ಮೆಲ್ಲಗೆ ಇಳಿಯುವ ಉಪಾಯವಿಲ್ಲ. ರಾಕೆಟಿನ ಯಂತ್ರ, ವಿಮಾನದ ರೆಕ್ಕೆ, ಇವೆರಡನ್ನೂ ಒಂದೇ ಒಡಲಿಗೆ ಕೂಡಿಸಿದರೆ ಅದೇ ರಾಕೆಟ್ ವಿಮಾನ. ಮೇಲೇರುವಾಗ ಬಾಣ, ಕೆಳಗಿಳಿಯುವಾಗ ಗಿಡುಗ.

ಈ ಕೂಡಿಕೆ ಇಂದು ನಿನ್ನೆಯದಲ್ಲ. 1947ರ ಅಕ್ಟೋಬರ್ 14ರಂದು ಅಮೆರಿಕದ ಚಕ್ ಯೇಗರ್ ಬೆಲ್ ಎಕ್ಸ್-1 ಎಂಬ ರಾಕೆಟ್ ವಿಮಾನದಲ್ಲಿ ಕುಳಿತು ಶಬ್ದದ ವೇಗವನ್ನು ಮೀರಿದರು. ಆ ಬಳಿಕ ಬಂದ ಎಕ್ಸ್-15 ವಿಮಾನ 1959ರಿಂದ 1968ರ ವರೆಗೆ 199 ಸಲ ಹಾರಿತು. 1963ರಲ್ಲಿ ಜೋ ವಾಕರ್ ಅದರಲ್ಲಿ ಸುಮಾರು 108 ಕಿಲೋಮೀಟರು ಎತ್ತರಕ್ಕೆ ಹೋಗಿ ಬಂದರು. ಎರಡನ್ನೂ ದೊಡ್ಡ ವಿಮಾನವೊಂದು ತನ್ನೊಡನೆ ಮೇಲಕ್ಕೆ ಒಯ್ದು ಬಿಡುತ್ತಿತ್ತು. 1981ರಿಂದ 2011ರ ವರೆಗೆ ಅಮೆರಿಕದ ಸ್ಪೇಸ್ ಶಟಲ್‌ಗಳು ರಾಕೆಟಿನಂತೆ ನೆಗೆದು ವಿಮಾನದಂತೆ ಇಳಿಯುತ್ತಾ 135 ಯಾತ್ರೆ ಮಾಡಿದವು. ಅವುಗಳಲ್ಲಿ ಎರಡು ನಾಶವಾಗಿ 14 ಮಂದಿ ಪ್ರಾಣ ತೆತ್ತರು. 2003ರ ಫೆಬ್ರವರಿ 1ರಂದು ನಮ್ಮ ಕಲ್ಪನಾ ಚಾವ್ಲಾ ಮರಳಿ ಬಾರದೆ ಹೋದುದು ಎರಡನೆಯ ದುರಂತದಲ್ಲಿ.

ಸರಕಾರದ ಕೈಯಿಂದ ಇದು ವ್ಯಾಪಾರದ ಕೈಗೆ ಬಂದುದು 2004ರಲ್ಲಿ. ಖಾಸಗಿಯವರು ಕಟ್ಟಿದ ಸ್ಪೇಸ್‌ಶಿಪ್‌ವನ್ ಎಂಬ ಪುಟ್ಟ ರಾಕೆಟ್ ವಿಮಾನ ಆ ವರ್ಷ 100 ಕಿಲೋಮೀಟರಿನ ಗಡಿ ದಾಟಿ, ಒಂದು ಕೋಟಿ ಡಾಲರಿನ ಬಹುಮಾನ ಗೆದ್ದಿತು. ಅದರ ಜಾಡಿನಲ್ಲಿ ವರ್ಜಿನ್ ಗ್ಯಾಲಕ್ಟಿಕ್ ಕಂಪೆನಿ ಪ್ರಯಾಣಿಕರ ವಿಮಾನ ಕಟ್ಟಿತು. ದಾರಿ ಸುಲಭವಿರಲಿಲ್ಲ, 2014ರ ಅಕ್ಟೋಬರ್ 31ರಂದು ಅವರ ಮೊದಲ ವಿಮಾನ ಪರೀಕ್ಷೆಯ ವೇಳೆ ಆಕಾಶದಲ್ಲೇ ಮುರಿದು ಸಹಚಾಲಕನೊಬ್ಬ ಸತ್ತ. ಎರಡನೆಯ ವಿಮಾನ ಯೂನಿಟಿ 2021ರ ಜುಲೈ 11ರಂದು ಒಡೆಯ ರಿಚರ್ಡ್ ಬ್ರಾನ್ಸನ್ ಅವರನ್ನು ಹೊತ್ತು ಹಾರಿದಾಗ, ಜೊತೆಯಲ್ಲಿ ಆಂಧ್ರದಲ್ಲಿ ಹುಟ್ಟಿದ ಶಿರೀಷಾ ಬಂಡ್ಲ ಇದ್ದರು. 2023ರ ಜೂನ್‌ನಲ್ಲಿ ವ್ಯಾಪಾರದ ಹಾರಾಟ ಸುರುವಾಯಿತು. 2024ರ ಜೂನ್ 8ರ ಹಾರಾಟದೊಡನೆ ಯೂನಿಟಿ ನಿವೃತ್ತಿಯಾಯಿತು. ಟಿಕೇಟಿನ ದರ 2021ರಲ್ಲಿ ನಾಲ್ಕೂವರೆ ಲಕ್ಷ ಡಾಲರು, ಅಂದರೆ ಮೂರು ಕೋಟಿ ರೂಪಾಯಿಗೂ ಮಿಕ್ಕಿ. ಅಷ್ಟಕ್ಕೆ ಸಿಗುವುದು ಕೆಲವೇ ನಿಮಿಷಗಳ ತೂಕವಿಲ್ಲದ ಸ್ಥಿತಿ. 2024ರ ಮೇ 19ರಂದು ವಿಜಯವಾಡದಲ್ಲಿ ಹುಟ್ಟಿದ ಗೋಪಿ ತೋಟಕೂರ ಬ್ಲೂ ಒರಿಜಿನ್ ಕಂಪೆನಿಯ ರಾಕೆಟಿನಲ್ಲಿ ಇಂಥದೇ ಯಾತ್ರೆ ಮಾಡಿದರು; ಅದಕ್ಕೆ ರೆಕ್ಕೆ ಇರಲಿಲ್ಲ.

ಇದೆಲ್ಲ ಧನಿಕರ ವಿನೋದವಾಯಿತು, ನಮಗೇನು ಎಂದು ಕೇಳಬಹುದು. ನಮಗೆ ಸಂಬಂಧಿಸಿದ ಸಂಗತಿ ಬೇರೆಯೇ ಇದೆ. ಕಾಸರಗೋಡಿನಿಂದ ಮಂಗಳೂರಿಗೆ ಒಂದು ಸಲ ಹೋದ ಬಸ್ಸನ್ನು ಅಲ್ಲಿಯೇ ನೇತ್ರಾವತಿಗೆ ತಳ್ಳಿ, ಮರುದಿನ ಹೊಸ ಬಸ್ಸು ಕೊಳ್ಳುವುದಾದರೆ ಟಿಕೇಟಿನ ದರ ಎಷ್ಟಾದೀತು? ಬಹುಕಾಲದಿಂದ ಉಪಗ್ರಹ ಹಾರಿಸುವ ರಾಕೆಟುಗಳ ಪಾಡು ಇದೇ. ಒಂದೇ ಸಲದ ಓಟ, ಆಮೇಲೆ ಸಮುದ್ರಪಾಲು. ಹವೆಯ ಮುನ್ಸೂಚನೆ, ಮೀನುಗಾರರಿಗೆ ಎಚ್ಚರಿಕೆ, ದೂರದರ್ಶನ, ಎಲ್ಲವೂ ಉಪಗ್ರಹವನ್ನು ನಂಬಿರುವಾಗ, ಅದನ್ನು ಮೇಲಕ್ಕೆ ಒಯ್ಯುವ ಖರ್ಚು ಕಡಿಮೆಯಾದರೆ ಪ್ರಯೋಜನ ದೋಣಿಯವನಿಗೂ ತಲಪೀತು. ಅಮೆರಿಕದ ಸ್ಪೇಸ್‌ಎಕ್ಸ್ ಕಂಪೆನಿ 2015ರ ಡಿಸೆಂಬರಿನಲ್ಲಿ ರಾಕೆಟಿನ ಕೆಳಭಾಗವನ್ನು ನೆಟ್ಟಗೆ ನೆಲಕ್ಕಿಳಿಸಿತು. 2017ರಲ್ಲಿ ಹಾಗೆ ಇಳಿಸಿದ್ದನ್ನೇ ಮತ್ತೆ ಹಾರಿಸಿತು. ನಮ್ಮ ಇಸ್ರೋ ರೆಕ್ಕೆಯ ದಾರಿಯನ್ನೂ ಹಿಡಿದಿದೆ. ಅದುವೇ ಪುಷ್ಪಕ್.

ಇದರ ಮೊದಲ ಪರೀಕ್ಷೆ 2016ರ ಮೇ 23ರಂದು ಶ್ರೀಹರಿಕೋಟೆಯಲ್ಲಿ ನಡೆಯಿತು. ಆಗ ಇಸ್ರೋದ ಅಧ್ಯಕ್ಷರಾಗಿದ್ದವರು ಹಾಸನ ಜಿಲ್ಲೆಯ ಆಲೂರಿನ ಎ. ಎಸ್. ಕಿರಣ್ ಕುಮಾರ್. ಆರೂವರೆ ಮೀಟರು ಉದ್ದದ, ಒಂದು ಮುಕ್ಕಾಲು ಟನ್ನು ತೂಕದ ಮಾದರಿಯನ್ನು ರಾಕೆಟಿನ ತುದಿಗೆ ಕಟ್ಟಿ ಹಾರಿಸಿದರು. ಅದು 65 ಕಿಲೋಮೀಟರು ಎತ್ತರಕ್ಕೇರಿ, ಶಬ್ದದ ಐದು ಪಟ್ಟು ವೇಗದಲ್ಲಿ ಗಾಳಿಯೊಳಕ್ಕೆ ಮರಳಿ, 770 ಸೆಕೆಂಡುಗಳಲ್ಲಿ ಸುಮಾರು 450 ಕಿಲೋಮೀಟರು ದೂರದ ಬಂಗಾಳಕೊಲ್ಲಿಯಲ್ಲಿ ಇಳಿಯಿತು. ಗಾಳಿಯ ತಿಕ್ಕಾಟದ ಶಾಖ ತಡೆಯಲು ಅದರ ಮೈಗೆ ಹೆಂಚು ಹೊದೆಸಿದ್ದರು. ನಮ್ಮ ಮಂಗಳೂರು ಹೆಂಚಲ್ಲ, ಸಿಲಿಕಾದ ಹೆಂಚು. ಆದರೂ ಬೆಂಕಿಯಿಂದ ಮನೆ ಕಾಯುವ ಕೆಲಸಕ್ಕೆ ಹೆಂಚೆಂಬ ಮಾತೇ ಒದಗಿತೆಂಬುದು ನನಗೆ ಸಂತೋಷ.

ಸಮುದ್ರಕ್ಕೆ ಇಳಿದದ್ದಾಯಿತು; ನೆಲಕ್ಕೆ ಇಳಿಯಬೇಕಲ್ಲ? ಅದಕ್ಕೆ ಆರಿಸಿದ ಜಾಗ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನ ವಿಮಾನ ಪರೀಕ್ಷಾ ವಲಯ. ಕಲ್ಯಾಣದುರ್ಗದಿಂದ ಪಡುವಣ ದಿಕ್ಕಿಗಿದೆ ಆ ಜಾಗ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಸೇನೆಯ ಚಿನೂಕ್ ಹೆಲಿಕಾಪ್ಟರು ಪುಷ್ಪಕವನ್ನು ಹೊಟ್ಟೆಯಡಿಗೆ ತೂಗಿಸಿಕೊಂಡು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಒಳಗೆ ಮನುಷ್ಯರಿಲ್ಲ, ಓಡಿಸುವ ಯಂತ್ರವೂ ಇಲ್ಲ. ತಾನೆಲ್ಲಿದ್ದೇನೆ, ಎಷ್ಟು ಎತ್ತರ, ಎಷ್ಟು ವೇಗ ಎಂದು ತಾನೇ ಲೆಕ್ಕ ಹಾಕಿಕೊಂಡು ತೇಲುತ್ತ ಬಂದು ಅದು ಓಡುದಾರಿಗೆ ಇಳಿಯಿತು. ರೆಕ್ಕೆಯ ವಾಹನವೊಂದನ್ನು ಹೆಲಿಕಾಪ್ಟರಿನಿಂದ ಹೀಗೆ ಬಿಟ್ಟು ಇಳಿಸಿದ್ದು ಲೋಕದಲ್ಲೇ ಮೊದಲೆಂದು ಇಸ್ರೋ ಹೇಳಿತು.

ಎರಡನೆಯ ಸಲ, 2024ರ ಮಾರ್ಚ್ 22ರಂದು, ಓಡುದಾರಿಯ ನೇರಕ್ಕೆ ಬಿಡದೆ 150 ಮೀಟರು ಓರೆಗೆ ಬಿಟ್ಟರು. ಮೂರನೆಯ ಸಲ, ಅದೇ ವರ್ಷ ಜೂನ್ 23ರಂದು, 500 ಮೀಟರು ಓರೆ, ಬೀಸುಗಾಳಿಯೂ ಹೆಚ್ಚು. ಎರಡು ಸಲವೂ ತಾನೇ ದಾರಿ ತಿದ್ದಿಕೊಂಡು ನಡುಗೆರೆಗೆ ಬಂತು. ಮೂರನೆಯ ಸಲ ಹಾರಿದ್ದು ಎರಡನೆಯ ಸಲದ ಅದೇ ಒಡಲು, ಅದೇ ಉಪಕರಣಗಳು. ಇಡೀ ಉದ್ದೇಶವೇ ಅದಲ್ಲವೆ? ಪ್ರಯಾಣಿಕ ವಿಮಾನ ಗಂಟೆಗೆ ಸುಮಾರು 260 ಕಿಲೋಮೀಟರು ವೇಗದಲ್ಲಿ ನೆಲ ಮುಟ್ಟಿದರೆ ಇದು ಮುಟ್ಟಿದ್ದು 320ಕ್ಕೂ ಮಿಕ್ಕಿದ ವೇಗದಲ್ಲಿ. ಹಿಂದಿನಿಂದ ಕೊಡೆ ಬಿಚ್ಚಿ ವೇಗ ನೂರರ ಹತ್ತಿರಕ್ಕೆ ಇಳಿದ ಮೇಲೆ ಗಾಲಿಯ ಬ್ರೇಕು ಹಿಡಿಯಿತು.

ಇನ್ನು ಹೆಚ್ಚಿನ ಹೊಗಳಿಕೆಗೆ ಮುನ್ನ ಮೇಷ್ಟ್ರಾಗಿ ಒಂದು ಲೆಕ್ಕ ಹೇಳಬೇಕು. ಉಪಗ್ರಹದ ಕಕ್ಷೆಯಿಂದ ಮರಳುವ ವಾಹನ ಶಬ್ದದ ಸುಮಾರು 25 ಪಟ್ಟು ವೇಗದಲ್ಲಿ ಗಾಳಿಯನ್ನು ಹೊಗುತ್ತದೆ. ಪುಷ್ಪಕದ ಪರೀಕ್ಷೆ ನಡೆದದ್ದು ಐದು ಪಟ್ಟಿನಲ್ಲಿ. ವೇಗ ಐದುಪಟ್ಟು ಹೆಚ್ಚಿದರೆ ಚಲನಶಕ್ತಿ ಹೆಚ್ಚುವುದು ಐದುಪಟ್ಟಲ್ಲ, ಇಪ್ಪತ್ತೈದು ಪಟ್ಟು. ಒಂಬತ್ತನೆಯ ತರಗತಿಯ ಮಕ್ಕಳೂ ಸೂತ್ರ ಹಾಕಿ ನೋಡಬಹುದು. ಆ ಶಕ್ತಿಯೆಲ್ಲ ಶಾಖವಾಗಿ ಕಳೆಯಬೇಕು. ಕಕ್ಷೆಗೆ ಹೋಗಿ ಬರುವ ದೊಡ್ಡ ವಾಹನವನ್ನು ಕಟ್ಟುವ ಕೆಲಸ ಬೇರೆಯೇ ಇದೆ. ಚಳ್ಳಕೆರೆಯಲ್ಲಿ ಗೆದ್ದದ್ದು ಕಡೆಯ ಮೆಟ್ಟಿಲನ್ನು. ನಡುವಿನ ಮೆಟ್ಟಿಲುಗಳನ್ನು ಕಟ್ಟಬೇಕಾದವರು ಈಗ ಬೆಂಚಿನ ಮೇಲೆ ಕುಳಿತಿರುವ ಮಕ್ಕಳು.

ಈಗ ಅಜ್ಜನ ಮಾತಿಗೆ ಬರೋಣ. ಚಳ್ಳಕೆರೆಯ ಆ ಬಯಲು ಬರಿದಾದ ಬಯಲಲ್ಲ. ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ಜಾನುವಾರುಗಳಿಗೆಂದು ಕಾದಿರಿಸಿದ ಕಾವಲು ಅದು. ಸುತ್ತಲಿನ ಹಳ್ಳಿಯವರ ಕುರಿ, ಎಮ್ಮೆ, ಹಸುಗಳಿಗೆ ಮೇವು ಕೊಟ್ಟ ನೆಲ. ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಇಸ್ರೋ, ಅಣುಸಂಶೋಧನೆ, ವಿಜ್ಞಾನ ಸಂಸ್ಥೆಗಳಿಗೆ ಹಂಚಿದಾಗ ಹಳ್ಳಿಯವರು ಪ್ರತಿಭಟಿಸಿದರು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. "ವಿಮಾನ ಇಳಿಯಲಿ, ಬೇಡವೆನ್ನುವುದಿಲ್ಲ. ಕುರಿಗೆ ದಾರಿ ಎಲ್ಲಿ ಅಂತ ಒಬ್ಬರಾದರೂ ಕೇಳಬೇಕಿತ್ತು" ಎಂದರು ಅಜ್ಜ. ದೇಶದ ಹೆಮ್ಮೆಗೆ ಬೆಲೆ ತೆತ್ತವರಲ್ಲಿ ಅವರ ಹೆಸರೂ ಬರೆಯಲ್ಪಡಬೇಕು. ಪುಷ್ಪಕವನ್ನು ಹೊಗಳುವ ನಾವು ಇದನ್ನು ಮರೆತರೆ, ಮಕ್ಕಳಿಗೆ ಅರ್ಧ ಪಾಠವನ್ನಷ್ಟೇ ಹೇಳಿದಂತೆ.

ಮರಳುವ ದಾರಿಯಲ್ಲಿ ಹಿಂದೂಪುರದಿಂದ ಲೇಪಾಕ್ಷಿಗೆ ಹೋಗಿದ್ದೆವು. ವಿಜಯನಗರ ಕಾಲದ ಆ ವೀರಭದ್ರ ದೇಗುಲದಲ್ಲಿ ಕನ್ನಡ ಶಾಸನಗಳಿವೆ. ರಾವಣನಿಗೆ ಅಡ್ಡಬಂದು ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದದ್ದು ಅಲ್ಲಿಯೇ, ರಾಮ "ಲೇ ಪಕ್ಷಿ", ಏಳು ಹಕ್ಕಿಯೇ, ಎಂದದ್ದರಿಂದ ಊರಿಗೆ ಆ ಹೆಸರು ಎಂದು ಜನ ಹೇಳುತ್ತಾರೆ. ಹುಡುಗಿ ನಮ್ಮೊಡನೆ ಬಂದಿದ್ದಳು. "ಇಲ್ಲಿ ಬಿದ್ದದ್ದು ಹಕ್ಕಿ, ಅಲ್ಲಿ ಇಳಿದದ್ದು ಪುಷ್ಪಕ" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಇದನ್ನೆಲ್ಲ ಕಲಿಯಬೇಕಾದರೆ ನಮ್ಮಂಥವರಿಗೆ ಆಗುತ್ತದಾ?"

ನಮ್ಮಂಥವರು! ಮನೆಯಲ್ಲೊಂದು ಮಾತು, ಹೊರಗೊಂದು ಮಾತು ಆಡುವವರು ಎಂದು ಅರ್ಥ. ನಮ್ಮ ತರಗತಿಯಲ್ಲಿಯೂ ನಾನು ಕೇಳಿದ ಪ್ರಶ್ನೆಯೇ ಅದು. ಈ ಸಲ ಮಾತ್ರ ಉತ್ತರ ನನ್ನ ಕೈಯಲ್ಲಿತ್ತು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಹುಡುಗನೊಬ್ಬ ಅಲ್ಲಿಯೇ ಓದು ಸುರುಮಾಡಿ, ಉಡುಪಿಯಲ್ಲಿ ಹೈಸ್ಕೂಲು, ಬಳ್ಳಾರಿಯಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಬಿ.ಎಸ್‌ಸಿ. ಪದವಿಗೆ ಬಂದದ್ದು ಇದೇ ಅನಂತಪುರದ ಸರಕಾರಿ ಕಾಲೇಜಿಗೆ. ಮುಂದೆ 1975ರಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿಸಿದವರು, 1984ರಿಂದ 1994ರ ವರೆಗೆ ಇಸ್ರೋವನ್ನು ನಡೆಸಿದವರು ಅವರೇ, ಪ್ರೊ. ಯು. ಆರ್. ರಾವ್. ಬಾಹ್ಯಾಕಾಶದ ವ್ಯಾಪಾರಕ್ಕೆಂದು ಆಂಟ್ರಿಕ್ಸ್ ಸಂಸ್ಥೆ 1992ರಲ್ಲಿ ಹುಟ್ಟಿದ್ದೂ ಅವರ ಕಾಲದಲ್ಲಿ. 1999ರ ಮೇ 26ರಂದು ನಮ್ಮ ರಾಕೆಟು ಮೊದಲ ಸಲ ಕೊರಿಯ ಮತ್ತು ಜರ್ಮನಿಯ ಉಪಗ್ರಹಗಳನ್ನು ಹೊತ್ತೊಯ್ದಾಗ ಆ ಬೀಜ ಮೊಳೆಯಿತು. ನಮ್ಮ ಕರಾವಳಿಯಿಂದ ಹೊರಟು ನಿನ್ನ ಜಿಲ್ಲೆಯಲ್ಲಿ ಓದಿದವರಮ್ಮಾ ಅವರು, ಎಂದೆ. ಆಕೆ ಹೆಸರು ಬರೆದುಕೊಂಡಳು.

ಇನ್ನೊಂದನ್ನು ನಮ್ಮ ಜಿಲ್ಲೆಯ ಹೆತ್ತವರು ಗಮನಿಸಬೇಕು. ಪುಷ್ಪಕದ ವಿನ್ಯಾಸದ ಮುಂದಾಳತ್ವ ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದ್ದು. ಅಲ್ಲಿಯ ತುಂಬಾದಿಂದಲೇ 1963ರ ನವೆಂಬರ್ 21ರಂದು ದೇಶದ ಮೊದಲ ರಾಕೆಟು ಹಾರಿತು. ಪುಷ್ಪಕ ಮೊದಲು ಹಾರಿದ್ದು ಆಂಧ್ರದಲ್ಲಿ, ನೆಲಕ್ಕಿಳಿದದ್ದು ಕರ್ನಾಟಕದಲ್ಲಿ. ನಾವು ಇರುವ ರಾಜ್ಯದಲ್ಲಿ ಕಟ್ಟಿದ್ದು ನಮ್ಮ ಮಾತಿನ ನಾಡಿನಲ್ಲಿ ಇಳಿಯಿತು. ಇದರಲ್ಲಿ ನಮ್ಮ ಮಕ್ಕಳ ಪಾಲು ಏಕೆ ಇರಬಾರದು? ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಕಲಿತರೆ ಮುಂದೆ ತೊಡಕಾದೀತೆಂಬ ಭಯ ಹಲವರಿಗೆ. ತೊಡಕು ಇಲ್ಲವೆಂದು ನಾನು ಸುಳ್ಳಾಡಲಾರೆ. ಕಾಲೇಜಿನ ಮೊದಲ ವರ್ಷ ಇಂಗ್ಲಿಷಿನೊಡನೆ ಗುದ್ದಾಡಬೇಕು. ಆದರೆ ತನ್ನ ಮಾತಿನಲ್ಲಿ ಅರ್ಥ ಮಾಡಿಕೊಂಡದ್ದನ್ನು ಇನ್ನೊಂದು ಮಾತಿಗೆ ದಾಟಿಸುವುದು ಒಂದು ವರ್ಷದ ಕೆಲಸ. ಅರ್ಥವಾಗದೆ ಬಾಯಿಪಾಠ ಮಾಡಿದ್ದನ್ನು ಯಾವ ಮಾತಿಗೂ ದಾಟಿಸಲಾಗದು.

ಶಾಲೆ ತೆರೆದ ಮೊದಲ ವಾರ ನಾನು ಕರಿಹಲಗೆಯ ಮೇಲೆ ಬರೆದೆ: ರಾಕೆಟ್ ವಿಮಾನ, ಕಕ್ಷೆ, ಓಡುದಾರಿ, ಶಾಖದ ಹೆಂಚು. ಎದುರಿಗೆ ಇಂಗ್ಲಿಷ್ ಮಾತನ್ನೂ ಮಲೆಯಾಳದ ಮಾತನ್ನೂ ಮಕ್ಕಳಿಂದಲೇ ಬರೆಯಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಅದು ಇಳಿಯುವಾಗ ಯಂತ್ರ ಇರಲಿಲ್ಲವಾದರೆ ದಾರಿ ತಿದ್ದಿಕೊಂಡದ್ದು ಹೇಗೆ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಕಾಗದ ಮಡಚಿ ವಿಮಾನ ಮಾಡಿ, ರೆಕ್ಕೆಯ ಅಂಚನ್ನು ಸ್ವಲ್ಪ ಬಾಗಿಸಿ ಹಾರಿಸಿ ತೋರಿಸಿದೆ. ಅದು ಎಡಕ್ಕೆ ತಿರುಗಿ ಹೆಡ್‌ಮಾಸ್ಟರರ ಕೋಣೆಯತ್ತ ಹೋಯಿತು. ಮರುದಿನ ತರಗತಿಯ ಮಕ್ಕಳೆಲ್ಲರ ಕೈಯಲ್ಲೂ ಒಂದೊಂದು ಕಾಗದದ ಪುಷ್ಪಕವಿತ್ತು.